ಕೊಳಗ ಯಾರ ಕೈಯಲ್ಲಿದೆ?

ಬ್ಲಾಕ್‌ಚೈನ್ ಜಾಲಗಳ ಪರವಾಗಿ ಹೂಡಲಾಗುವ ವಾದಗಳು ಹಲವು. ಅವುಗಳಲ್ಲಿ ಜನರನ್ನು ಅತ್ಯಂತ ಸುಲಭವಾಗಿ ಮರುಳು ಮಾಡುವ ಮಾತು ಇದು: "ನಮ್ಮ ಜಾಲದಲ್ಲಿ ದಿನವೊಂದಕ್ಕೆ ಇಷ್ಟು ಲಕ್ಷ ಸಕ್ರಿಯ ಬಳಕೆದಾರರಿದ್ದಾರೆ, ಕಳೆದ ವರ್ಷಕ್ಕಿಂತ ಇಷ್ಟು ಪಟ್ಟು ಹೆಚ್ಚು." ಈ ಮಾತಿನ ಜೊತೆಗೆ ಎಡದಿಂದ ಬಲಕ್ಕೆ ಏರುತ್ತಾ ಹೋಗುವ ಒಂದು ಗೆರೆಯ ಚಿತ್ರವೂ ಇರುತ್ತದೆ. ಹೂಡಿಕೆದಾರ ಆ ಗೆರೆಯನ್ನು ನೋಡಿ ಹಣ ಸುರಿಯುತ್ತಾನೆ. ಪತ್ರಕರ್ತ ಅದನ್ನು ನೋಡಿ ತಲೆಬರಹ ಬರೆಯುತ್ತಾನೆ. ಪದವಿ ತರಗತಿಯ ಹುಡುಗ ಅದನ್ನು ನೋಡಿ, ಮನೆಯ ಅಡಿಕೆ ದುಡ್ಡಿನಲ್ಲಿ ಒಂದಿಷ್ಟನ್ನು ಯಾವುದೋ ಟೋಕನ್ನಿಗೆ ಹಾಕುತ್ತಾನೆ. ಆ ಸಂಖ್ಯೆ ಏನನ್ನು ಎಣಿಸಿ ಬಂದದ್ದು, ಎಣಿಸಿದವರು ಯಾರು, ಎಣಿಕೆ ಹೆಚ್ಚಾದರೆ ಲಾಭ ಯಾರಿಗೆ ಎಂದು ಕೇಳುವವರು ವಿರಳ. ಈ ಲೇಖನ ಅದನ್ನು ಕೇಳಲೆಂದೇ ಬರೆದದ್ದು.

ಮಲೆನಾಡಿನವರಿಗೆ ಈ ಪ್ರಶ್ನೆ ಹೊಸದಾಗಬೇಕಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಜಗಳದ ಬೇರಿನಲ್ಲಿದ್ದದ್ದು ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರ. ಅಳೆದುಕೊಳ್ಳುವವನ ಕೈಯಲ್ಲೇ ಅಳತೆಯ ಪಾತ್ರೆಯೂ ಇದ್ದರೆ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಬ್ಲಾಕ್‌ಚೈನ್ ಜಾಲಗಳ ಬೆಳವಣಿಗೆಯನ್ನು ಅಳೆಯುವ ಕೊಳಗ ಇಂದಿಗೂ ಒಡೆಯರ ಮನೆಯದೇ ಎಂಬುದು ನಮ್ಮ ಆರೋಪ.

ಈ ಜಾಲವೆಂದರೇನೆಂದು ಅರಿಯದವರಿಗಾಗಿ ನಾಲ್ಕು ಮಾತು. ಅನೇಕ ಗಣಕಯಂತ್ರಗಳು ಏಕಕಾಲಕ್ಕೆ ಇಟ್ಟುಕೊಂಡಿರುವ ಒಂದೇ ಕಿರ್ದಿ ಪುಸ್ತಕ ಎಂದು ಬ್ಲಾಕ್‌ಚೈನನ್ನು ವಿವರಿಸಬಹುದು. ಇಂಥ ವಿಳಾಸದಿಂದ ಇಂಥ ವಿಳಾಸಕ್ಕೆ ಇಷ್ಟು ಸಂದಾಯವಾಯಿತು ಎಂಬುದು ಅದರ ನಮೂದು. ಒಮ್ಮೆ ಬರೆದದ್ದನ್ನು ತಿದ್ದುವುದು ಅಸಾಧ್ಯವೆನ್ನುವಷ್ಟು ಕಷ್ಟ. ಓದಲು ಮಾತ್ರ ಯಾರಿಗೂ ಅಡ್ಡಿಯಿಲ್ಲ. 2009ರಲ್ಲಿ ಆರಂಭವಾದ ಬಿಟ್‌ಕಾಯಿನ್ ಇವುಗಳಲ್ಲಿ ಮೊದಲನೆಯದು. 2015ರಲ್ಲಿ ಇಥೀರಿಯಂ, 2020ರಲ್ಲಿ ಸೊಲಾನಾ ಬಂದವು. ಇಲ್ಲಿ 'ವಿಳಾಸ' ಎಂದರೆ ಮನೆಯ ವಿಳಾಸವಲ್ಲ, ಅಕ್ಷರ ಮತ್ತು ಅಂಕಿಗಳ ಉದ್ದನೆಯ ಒಂದು ಸಾಲು. ಅದನ್ನು ಪಡೆಯಲು ಅರ್ಜಿ ಬೇಡ, ಗುರುತಿನ ಚೀಟಿ ಬೇಡ, ಕಾಸೂ ಬೇಡ. ಸ್ವಲ್ಪ ತಂತ್ರಾಂಶ ಬರೆಯಬಲ್ಲವನು ಒಂದು ಮಧ್ಯಾಹ್ನದಲ್ಲಿ ಹತ್ತು ಸಾವಿರ ವಿಳಾಸಗಳನ್ನು ತಯಾರಿಸಿಕೊಳ್ಳಬಲ್ಲ. ಯಾವುದೇ ದಿನ ಒಂದಾದರೂ ವಹಿವಾಟು ನಡೆಸಿದ ವಿಳಾಸವನ್ನು ಎಣಿಸಿ, ಆ ಮೊತ್ತವನ್ನು 'ದಿನದ ಸಕ್ರಿಯ ಬಳಕೆದಾರರು' ಎಂದು ಕರೆಯುವುದು ರೂಢಿ. ಎಣಿಸಿದ್ದು ಬೀಗಗಳನ್ನು, ಹೇಳಿದ್ದು ಮನೆಗಳನ್ನು.

ಎದುರು ದಿಕ್ಕಿನ ದೋಷವೂ ಇದೆ. ಕೊಳ್ಳುವ ಮಾರುವ ವಿನಿಮಯ ಕೇಂದ್ರಗಳು ಲಕ್ಷಾಂತರ ಗ್ರಾಹಕರ ಹಣವನ್ನು ತಮ್ಮ ಕೆಲವೇ ವಿಳಾಸಗಳಲ್ಲಿ ಒಟ್ಟಾಗಿ ಇಟ್ಟುಕೊಳ್ಳುತ್ತವೆ. ಅಲ್ಲಿ ಒಂದು ವಿಳಾಸದ ಹಿಂದೆ ಒಂದು ಊರೇ ಅಡಗಿರಬಹುದು. ಎರಡು ತಪ್ಪುಗಳು ಒಂದನ್ನೊಂದು ಹೊಡೆದು ಹಾಕುತ್ತವೆಂದು ಸಮಾಧಾನ ಹೇಳುವವರಿದ್ದಾರೆ. ಒಂದು ತಪ್ಪಿನ ಪ್ರಮಾಣವೂ ಗೊತ್ತಿಲ್ಲದಿರುವಾಗ ಎರಡೂ ಸಮವೆಂದು ಹೇಳುವುದು ಯಾವ ಗಣಿತ?

ಒಬ್ಬನೇ ಹಲವು ಮುಖವಾಡ ತೊಟ್ಟು ಜಾಲದೊಳಗೆ ಬರುವುದಕ್ಕೆ ತಂತ್ರಜ್ಞರು 'ಸಿಬಿಲ್ ದಾಳಿ' ಎನ್ನುತ್ತಾರೆ. ಬಹುವ್ಯಕ್ತಿತ್ವದ ಮಹಿಳೆಯೊಬ್ಬಳ ಕುರಿತು 1973ರಲ್ಲಿ ಪ್ರಕಟವಾದ ಇಂಗ್ಲಿಷ್ ಪುಸ್ತಕವೊಂದರಿಂದ ಬಂದ ಹೆಸರು ಅದು. ಗುರುತನ್ನು ಪ್ರಮಾಣೀಕರಿಸುವ ಕೇಂದ್ರ ಪ್ರಾಧಿಕಾರವಿಲ್ಲದ ಜಾಲದಲ್ಲಿ, ವಾಸ್ತವಕ್ಕೆ ಹೊಂದದ ಕಲ್ಪನೆಗಳನ್ನು ಮಾಡಿಕೊಂಡ ಹೊರತು, ಇಂಥ ದಾಳಿಯನ್ನು ತಡೆಯಲಾಗದೆಂದು ಮೈಕ್ರೋಸಾಫ್ಟ್ ಸಂಶೋಧನಾಲಯದ ಜಾನ್ ಡೌಸರ್ 2002ರಲ್ಲೇ ಪ್ರಬಂಧ ಬರೆದು ತೋರಿಸಿದ್ದರು. ಬಿಟ್‌ಕಾಯಿನ್ ಹುಟ್ಟುವುದಕ್ಕೆ ಏಳು ವರ್ಷ ಮೊದಲು! ಆದುದರಿಂದ ಮುಖವಾಡಗಳ ಕಾಟ ಈ ಜಾಲಗಳಿಗೆ ಆಕಸ್ಮಿಕವಾಗಿ ತಗುಲಿದ ರೋಗವೆಂದು ಹೇಳಿ ನುಣುಚಿಕೊಳ್ಳಲಾಗದು. ಬಾಗಿಲಲ್ಲಿ ಯಾರನ್ನೂ ಹೆಸರು ಕೇಳುವುದಿಲ್ಲವೆಂಬುದೇ ತಮ್ಮ ಹಿರಿಮೆ ಎಂದು ಸಾರಿದವರು, ಒಳಗೆ ಎಷ್ಟು ಜನರಿದ್ದಾರೆಂದು ಹೇಳುವ ಹಕ್ಕನ್ನು ಆ ಬಾಗಿಲಲ್ಲೇ ಬಿಟ್ಟು ಬಂದಿದ್ದಾರೆ.

ಮುಖವಾಡ ತೊಡಲು ಪ್ರೇರಣೆ ಎಲ್ಲಿಂದ ಬರುತ್ತದೆ? ಜಾಲದ ಒಡೆಯರಿಂದಲೇ. 2020ರ ಸೆಪ್ಟೆಂಬರ್‌ನಲ್ಲಿ ಯೂನಿಸ್ವಾಪ್ ಎಂಬ ವಿನಿಮಯ ವ್ಯವಸ್ಥೆ, ಆ ತನಕ ತನ್ನನ್ನು ಒಮ್ಮೆಯಾದರೂ ಬಳಸಿದ್ದ ಪ್ರತಿ ವಿಳಾಸಕ್ಕೂ 400 ಟೋಕನ್ನುಗಳನ್ನು ಪುಕ್ಕಟೆಯಾಗಿ ಹಂಚಿತು. ಆಗಿನ ಬೆಲೆಯಲ್ಲಿ ಅದು ಸಾವಿರ ಡಾಲರಿಗೂ ಮೀರಿದ ಉಡುಗೊರೆ. 'ಏರ್‌ಡ್ರಾಪ್' ಎಂದು ಕರೆಯಲಾಗುವ ಈ ಹಂಚಿಕೆಯನ್ನು ಕಂಡವರು ಪಾಠ ಕಲಿತರು. ಮುಂದೆ ಯಾವ ಹೊಸ ಜಾಲ ಬಂದರೂ ಅದರಲ್ಲಿ ನೂರು, ಸಾವಿರ ವಿಳಾಸ ತೆರೆದು, ಚೂರುಪಾರು ಹಣವನ್ನು ಅತ್ತಿಂದಿತ್ತ ಓಡಾಡಿಸಿ, ಉಡುಗೊರೆಗೆ ಕಾದು ಕೂರುವುದು ಒಂದು ಕಸುಬೇ ಆಯಿತು. ಆ ಕಸುಬಿಗೆ ಅವರೇ ಇಟ್ಟ ಹೆಸರು 'ಬೇಸಾಯ'. ಕೆಸರು ಕಾಣದ ಬೇಸಾಯ! 2024ರ ಮೇ ತಿಂಗಳಲ್ಲಿ ಲೇಯರ್‌ಝೀರೋ ಎಂಬ ಯೋಜನೆ ಹಂಚಿಕೆಗೆ ಮುನ್ನ ಪರಿಶೀಲನೆಗಿಳಿದಾಗ, ಸಂಶಯಾಸ್ಪದವೆಂದು ಪಟ್ಟಿಯಾದ ವಿಳಾಸಗಳು 8 ಲಕ್ಷದಷ್ಟಿದ್ದವು. ತಾನಾಗಿ ತಪ್ಪೊಪ್ಪಿಕೊಂಡವರಿಗೆ ಪಾಲಿನ ಶೇ. 15ರಷ್ಟನ್ನು ಕೊಡುವುದಾಗಿಯೂ ಅದು ಸಾರಿತ್ತು. ಇದೇ ವಿಳಾಸಗಳು ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಎಲ್ಲ ಕಡೆ 'ಬೆಳವಣಿಗೆ'ಯಾಗಿ ಎಣಿಸಲ್ಪಟ್ಟಿದ್ದವು ಎಂಬುದನ್ನು ಮರೆಯಬಾರದು. ಬೆಳೆಯುವಾಗ ಬಳಕೆದಾರ, ಹಂಚುವಾಗ ಕಳ್ಳ!

ವಹಿವಾಟಿನ ಸಂಖ್ಯೆಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಸೊಲಾನಾ ಜಾಲದಲ್ಲಿ ಕಿರ್ದಿಯನ್ನು ದೃಢೀಕರಿಸುವ ಯಂತ್ರಗಳು ಹಾಕುವ ಮತಗಳೂ ವಹಿವಾಟುಗಳಾಗಿಯೇ ದಾಖಲಾಗುತ್ತವೆ. ಬಹುಕಾಲ ಅದರ ಒಟ್ಟು ವಹಿವಾಟಿನಲ್ಲಿ ಹೆಚ್ಚಿನ ಪಾಲು ಈ ಮತಗಳದ್ದೇ ಆಗಿತ್ತು. ಗುಮಾಸ್ತ ಹಾಕುವ ಪ್ರತಿ ಸಹಿಯನ್ನೂ ಗಿರಾಕಿಯೆಂದು ಎಣಿಸಿದ ಹಾಗೆ. ಅದೇ ಜಾಲ 2021ರ ಸೆಪ್ಟೆಂಬರ್ 14ರಂದು, ಹೊಸ ಟೋಕನ್ ಒಂದರ ಮಾರಾಟಕ್ಕೆ ನುಗ್ಗಿದ ಸ್ವಯಂಚಾಲಿತ ತಂತ್ರಾಂಶಗಳ ಹೊಡೆತಕ್ಕೆ ಸಿಕ್ಕಿ ಸುಮಾರು 17 ಗಂಟೆ ಸ್ತಬ್ಧವಾಗಿ ಮಲಗಿತು. ಚಟುವಟಿಕೆಯ ದೃಷ್ಟಿಯಿಂದ ಅದು ಅದ್ಭುತ ದಿನ.

ಇನ್ನು ಜಾಲದಲ್ಲಿ ಒತ್ತೆಯಿಟ್ಟ ಹಣದ ಮೊತ್ತ. ಅದೇ ಸೊಲಾನಾದಲ್ಲಿ ಒಬ್ಬನೇ ತಂತ್ರಜ್ಞ 11 ಬೇರೆ ಬೇರೆ ಹೆಸರುಗಳಲ್ಲಿ ಯೋಜನೆಗಳನ್ನು ಕಟ್ಟಿ, ಒಂದರಲ್ಲಿಟ್ಟ ಹಣದ ರಸೀದಿಯನ್ನು ಮತ್ತೊಂದರಲ್ಲಿ ಇರಿಸಿ, ಒಂದೇ ಹಣ ಹಲವು ಸಲ ಎಣಿಕೆಯಾಗುವಂತೆ ಮಾಡಿದ್ದನ್ನು ಅಮೆರಿಕದ ಕಾಯಿನ್‌ಡೆಸ್ಕ್ 2022ರ ಆಗಸ್ಟ್‌ನಲ್ಲಿ ಬಯಲಿಗೆಳೆಯಿತು. ಜಾಲದ ಒಟ್ಟು ಮೊತ್ತ 1,050 ಕೋಟಿ ಡಾಲರ್ ಇದ್ದ ಕಾಲದಲ್ಲಿ ಅದರ 750 ಕೋಟಿ ಈ ಒಬ್ಬನ ಕೈಚಳಕದ ಯೋಜನೆಗಳಲ್ಲಿ ತೋರುತ್ತಿತ್ತು. ಒಂದೇ ಪಹಣಿಯನ್ನು ತೋರಿಸಿ ಮೂರು ಸಹಕಾರ ಸಂಘಗಳಲ್ಲಿ ಸಾಲ ಎತ್ತಿದವನನ್ನು ನಾವು ಏನೆನ್ನುತ್ತೇವೆ? ಅಲ್ಲಿ ಆತನನ್ನು ಪ್ರತಿಭಾವಂತನೆಂದು ಕರೆದರು, ಕರೆದವರ ಕಣ್ಣಿಗೆ ಕಂಡದ್ದು ಹನ್ನೊಂದು ಜನ ಪ್ರತಿಭಾವಂತರು. ಇನ್ನು ಮಂಡಿಯ ಬಾಗಿಲಲ್ಲಿ ಒಂದೇ ಮೂಟೆಯನ್ನು ಹತ್ತು ಸಲ ಒಳಗೆ ಹೊರಗೆ ಹೊತ್ತು 'ಭಾರೀ ಆವಕ' ಎಂದು ಸಾರುವ ವಿದ್ಯೆಯಂತೂ ಈ ಲೋಕದಲ್ಲಿ ಹಳೆಯದು: ಪ್ರಮುಖ ಜಾಲತಾಣವೊಂದರಲ್ಲಿ ವರದಿಯಾಗುತ್ತಿದ್ದ ಬಿಟ್‌ಕಾಯಿನ್ ವ್ಯಾಪಾರದಲ್ಲಿ ಸುಮಾರು ಶೇ. 95 ಸುಳ್ಳು ಅಥವಾ ಹುಸಿ ಎಂದು ಬಿಟ್‌ವೈಸ್ ಕಂಪನಿಯೇ 2019ರ ಮಾರ್ಚ್‌ನಲ್ಲಿ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ವರದಿ ಸಲ್ಲಿಸಿತ್ತು. ಆ ಕಂಪನಿ ಈ ಉದ್ಯಮದ ವಿರೋಧಿಯಲ್ಲ, ಅದರೊಳಗಿನದೇ.

2024ರ ಏಪ್ರಿಲ್ ತಿಂಗಳೊಂದರಲ್ಲಿ ಡಾಲರಿಗೆ ಕಟ್ಟಿದ 'ಸ್ಥಿರ ನಾಣ್ಯ'ಗಳ ವಹಿವಾಟು 2.2 ಲಕ್ಷ ಕೋಟಿ ಡಾಲರ್ ಮೀರಿತೆಂದು ಕಿರ್ದಿ ಹೇಳಿತು. ಯಂತ್ರಗಳ ಮತ್ತು ದೊಡ್ಡ ವಿನಿಮಯ ಕೇಂದ್ರಗಳ ಓಡಾಟವನ್ನು ಸೋಸಿ ತೆಗೆದರೆ ಉಳಿಯುವುದು 14,900 ಕೋಟಿ ಡಾಲರ್, ಅಂದರೆ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ ಎಂದು ವೀಸಾ ಕಂಪನಿಯ ಲೆಕ್ಕ ತೋರಿಸಿತು. ವೀಸಾ ಈ ನಾಣ್ಯಗಳ ಪ್ರತಿಸ್ಪರ್ಧಿ. ಅದರ ಸೋಸುವ ಜರಡಿಯ ಕಣ್ಣು ಎಷ್ಟು ಸಣ್ಣದಿರಬೇಕೆಂಬುದರಲ್ಲಿ ಅದಕ್ಕೂ ಸ್ವಾರ್ಥವಿದೆ. ಅದನ್ನು ಕಳೆದು ನೋಡಿದರೂ ಅಂತರ ಬೆಚ್ಚಿ ಬೀಳಿಸುವಂಥದ್ದು.

ಇಷ್ಟೆಲ್ಲ ಕೇಳಿದ ಮೇಲೂ, "ಇವು ಉದ್ಯಮದೊಳಗಿನ ಪುಂಡಾಟಗಳು, ಸಾಮಾನ್ಯ ಜನರಿಗೇನು?" ಎನ್ನುವವರಿರಬಹುದು. ಅವರು ಎಲ್ ಸಾಲ್ವಡಾರನ್ನು ನೋಡಬೇಕು.

ಮಧ್ಯ ಅಮೆರಿಕದ ಆ ಪುಟ್ಟ ದೇಶ 2021ರ ಸೆಪ್ಟೆಂಬರ್ 7ರಿಂದ ಬಿಟ್‌ಕಾಯಿನನ್ನು ಅಧಿಕೃತ ಚಲಾವಣೆಯ ನಾಣ್ಯವನ್ನಾಗಿಸಿತು. ಹಾಗೆ ಮಾಡಿದ ದೇಶಗಳಲ್ಲಿ ಅದೇ ಮೊದಲನೆಯದು. 'ಚಿವೊ' ಎಂಬ ಸರ್ಕಾರಿ ವ್ಯಾಲೆಟ್ಟನ್ನು ಮೊಬೈಲಿಗೆ ಇಳಿಸಿಕೊಂಡವರಿಗೆ 30 ಡಾಲರ್ ಮೌಲ್ಯದ ಬಿಟ್‌ಕಾಯಿನ್ ಉಚಿತವಾಗಿ ಸಿಗುತ್ತಿತ್ತು. ಮೂರು ವಾರ ತುಂಬುವ ಮೊದಲೇ ಅಧ್ಯಕ್ಷ ನಾಯಿಬ್ ಬುಕೆಲೆ, 21 ಲಕ್ಷ ಜನ ಚಿವೊವನ್ನು 'ಸಕ್ರಿಯವಾಗಿ' ಬಳಸುತ್ತಿದ್ದಾರೆ, ಇದು ಬರೀ ಇಳಿಸಿಕೊಂಡವರ ಲೆಕ್ಕವಲ್ಲ, ದೇಶದ ಯಾವ ಬ್ಯಾಂಕಿಗೂ ಇಷ್ಟು ಗ್ರಾಹಕರಿಲ್ಲ ಎಂದು ಜಗತ್ತಿಗೆ ಸಾರಿದರು. ಅರವತ್ತೈದು ಲಕ್ಷದಷ್ಟು ಜನಸಂಖ್ಯೆಯ ದೇಶದಲ್ಲಿ ಮೂರರಲ್ಲೊಬ್ಬರು! ಏರುವ ಗೆರೆಗೆ ಇದಕ್ಕಿಂತ ಸುಂದರ ಉದಾಹರಣೆ ಇರಲಾರದು.

ಅದೇ ಅಕ್ಟೋಬರಿನಲ್ಲಿ ಅಲ್ಲಿನ ಕ್ರಿಸ್ಟೋಸಾಲ್ ಎಂಬ ಮಾನವ ಹಕ್ಕು ಸಂಸ್ಥೆಗೆ ನೂರಾರು ದೂರುಗಳು ಬಂದವು. ಚಿವೊ ತೆರೆಯಲು ಹೋದವರಿಗೆ ತಮ್ಮ ಗುರುತಿನ ಸಂಖ್ಯೆಯಲ್ಲಿ ಬೇರೆ ಯಾರೋ ಆಗಲೇ ಖಾತೆ ತೆರೆದು 30 ಡಾಲರ್ ಎತ್ತಿಕೊಂಡಿರುವುದು ಕಂಡಿತ್ತು. ಸರ್ಕಾರದ ಗುರುತಿನ ಚೀಟಿ ಇದ್ದಲ್ಲೂ ಮುಖವಾಡಗಳು ಹುಟ್ಟಿದ್ದವು.

ಸತ್ಯ ಹೊರಬಂದದ್ದು ಹೇಗೆ? ಕಿರ್ದಿಯಿಂದಲ್ಲ. ಚಿವೊದ ಒಳಗೇ ನಡೆಯುವ ಹಣ ವರ್ಗಾವಣೆ ಸಾರ್ವಜನಿಕ ಕಿರ್ದಿಗೆ ಬರಬೇಕೆಂದೇನೂ ಇರಲಿಲ್ಲ. 2022ರ ಫೆಬ್ರವರಿಯಲ್ಲಿ ಫರ್ನಾಂಡೊ ಆಲ್ವಾರೆಜ್, ಡೇವಿಡ್ ಅರ್ಜೆಂಟೆ, ಡಯಾನಾ ವಾನ್ ಪ್ಯಾಟನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ದೇಶದಾದ್ಯಂತ 1,800 ಮನೆಗಳಲ್ಲಿ ಮುಖಾಮುಖಿ ಸಮೀಕ್ಷೆ ನಡೆಸಿದರು. ಚಿವೊ ಇಳಿಸಿಕೊಂಡವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಉಚಿತ ಹಣ ಖರ್ಚಾದ ಮೇಲೆ ಒಂದೇ ಒಂದು ವಹಿವಾಟನ್ನೂ ಮಾಡಿರಲಿಲ್ಲ. ಇಳಿಸಿಕೊಂಡದ್ದರಲ್ಲಿ ದೊಡ್ಡ ಪಾಲು ಮೊದಲ ತಿಂಗಳಲ್ಲೇ ಮುಗಿದಿತ್ತು. 2022ರಲ್ಲಿ ಹೊಸಬರು ಬಂದದ್ದು ಇಲ್ಲವೆನ್ನುವಷ್ಟು ಕಡಿಮೆ. ವಿದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣವನ್ನು ಅಗ್ಗವಾಗಿಸುವುದು ಈ ಯೋಜನೆಯ ಮುಖ್ಯ ಭರವಸೆಯಾಗಿತ್ತು. ಆ ತಿಂಗಳಿನಲ್ಲಿ ಅಂಥ ಹಣದ ಶೇ. 1.6 ಮಾತ್ರ ಈ ವ್ಯಾಲೆಟ್ಟುಗಳ ಮೂಲಕ ಬಂದಿತ್ತು. ಹೆಂಗಸರು, ವಯಸ್ಸಾದವರು, ಬ್ಯಾಂಕ್ ಖಾತೆಯಿಲ್ಲದ ಬಡವರು, ಅಂದರೆ ಯಾರ ಹೆಸರು ಹೇಳಿ ಯೋಜನೆ ತಂದರೋ ಅವರೇ ಅತ್ಯಂತ ಕಡಿಮೆ ಬಳಸಿದವರು. ಅಂತರರಾಷ್ಟ್ರೀಯ ಹಣಕಾಸು ನಿಧಿಯೊಡನೆ 140 ಕೋಟಿ ಡಾಲರಿನ ಸಾಲದ ಒಪ್ಪಂದ ಮಾಡಿಕೊಂಡ ಮೇಲೆ, 2025ರ ಜನವರಿಯಲ್ಲಿ ಆ ದೇಶದ ಸಂಸತ್ತು ಕಾನೂನನ್ನು ತಿದ್ದಿ, ಬಿಟ್‌ಕಾಯಿನನ್ನು ಸ್ವೀಕರಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿತು. ನಿಧಿ ಬಡವರ ಬಂಧುವೇನಲ್ಲ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ 21 ಲಕ್ಷ ಸಕ್ರಿಯ ಬಳಕೆದಾರರು ನಿಜವಾಗಿಯೂ ಇದ್ದಿದ್ದರೆ, ಆ ತಿದ್ದುಪಡಿಯ ದಿನ ಬೀದಿಗೆ ಯಾರಾದರೂ ಬರಬೇಕಿತ್ತಲ್ಲವೇ?

ಫಿಲಿಪೀನ್ಸಿನಲ್ಲಿ ನಡೆದದ್ದು ಇದಕ್ಕಿಂತ ಕ್ರೂರ. ವಿಯೆಟ್ನಾಮಿನ ಸ್ಕೈ ಮೇವಿಸ್ ಕಂಪನಿಯ 'ಆಕ್ಸಿ ಇನ್ಫಿನಿಟಿ' ಎಂಬ ಆಟದಲ್ಲಿ ಚಿತ್ರದ ಪ್ರಾಣಿಗಳನ್ನು ಕಾದಾಡಿಸಿದರೆ ಟೋಕನ್ ಸಿಗುತ್ತಿತ್ತು, ಅದನ್ನು ಮಾರಿದರೆ ಹಣ. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಫಿಲಿಪಿನೋ ಯುವಕರು, ತಾಯಂದಿರು, ರಿಕ್ಷಾ ಓಡಿಸುತ್ತಿದ್ದವರು ಇದನ್ನು ಜೀವನೋಪಾಯವೆಂದು ಹಿಡಿದರು. ಆಟಕ್ಕಿಳಿಯಲು ಮೂರು ಪ್ರಾಣಿಗಳು ಬೇಕು. ಅವುಗಳ ಬೆಲೆ ಬಡವರ ಕೈಗೆಟುಕುತ್ತಿರಲಿಲ್ಲ. ಆಗ ಹಣವಂತರು ಪ್ರಾಣಿಗಳನ್ನು ಕೊಂಡು ಇವರಿಗೆ ಆಡಲು ಕೊಟ್ಟು, ಗಳಿಕೆಯಲ್ಲಿ ಪಾಲು ಪಡೆದರು. ಈ ಏರ್ಪಾಡಿಗೆ ಅವರಿಟ್ಟ ಹೆಸರು 'ವಿದ್ಯಾರ್ಥಿವೇತನ', ಆಡುವವನ ಹೆಸರು 'ವಿದ್ವಾಂಸ'. ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಗೇಣಿ.

2021ರ ನವೆಂಬರ್ ಹೊತ್ತಿಗೆ ಈ ಆಟಕ್ಕೆ ದಿನಕ್ಕೆ ಸುಮಾರು 27 ಲಕ್ಷ ಸಕ್ರಿಯ ಬಳಕೆದಾರರೆಂಬ ಸಂಖ್ಯೆ ಹೊರಬಿತ್ತು. ಬ್ಲಾಕ್‌ಚೈನ್ ಜನಸಾಮಾನ್ಯರನ್ನು ತಲುಪಿತು ಎಂಬುದಕ್ಕೆ ಸಾಕ್ಷಿಯಾಗಿ ಈ ಸಂಖ್ಯೆಯನ್ನು ಎಲ್ಲೆಡೆ ಹಿಡಿದು ತೋರಿಸಲಾಯಿತು. ಆದರೆ ಅದೇ ವರ್ಷದ ಜುಲೈನಲ್ಲಿ 30 ಸೆಂಟಿಗೂ ಮೀರಿದ್ದ ಗಳಿಕೆಯ ಟೋಕನ್, 2022ರ ಫೆಬ್ರವರಿಯ ವೇಳೆಗೆ ಒಂದು ಸೆಂಟಿನ ಆಸುಪಾಸಿಗೆ ಕುಸಿದಿತ್ತು. ಬಳಕೆದಾರರ ಗೆರೆ ಏರುತ್ತಿದ್ದಾಗಲೇ ಅವರ ಕೂಲಿ ಇಳಿಯುತ್ತಿತ್ತು. ಹೊಸಬರು ತರುವ ಹಣದಿಂದಲೇ ಹಳಬರಿಗೆ ಸಂದಾಯವಾಗಬೇಕಾದ ವ್ಯವಸ್ಥೆಯಲ್ಲಿ ಹೀಗಾಗದೆ ಇನ್ನೇನಾದೀತು? ಎಣಿಕೆಯ ಕೋಷ್ಟಕದಲ್ಲಿ ಕೂಲಿಗೆ ಒಂದು ಕಂಬಸಾಲು ಇರಲಿಲ್ಲ.

ಇದರ ಮುಂದಿನ ಅಧ್ಯಾಯವನ್ನು ವಿದ್ಯಾರ್ಥಿ ಮಿತ್ರರು ಗಮನವಿಟ್ಟು ಓದಬೇಕು. ಆ ಆಟ ನಡೆಯುತ್ತಿದ್ದ 'ರೋನಿನ್' ಜಾಲವನ್ನು ಕಾಯುತ್ತಿದ್ದದ್ದು ಕೇವಲ ಒಂಬತ್ತು ದೃಢೀಕರಣ ಯಂತ್ರಗಳು. ಐದರ ಸಹಿ ಸಿಕ್ಕರೆ ಹಣ ಹೊರಹೋಗುತ್ತಿತ್ತು. ನಾಲ್ಕು ಸ್ಕೈ ಮೇವಿಸ್ ಕೈಯಲ್ಲೇ ಇದ್ದವು. 2021ರ ನವೆಂಬರ್‌ನಲ್ಲಿ ಬಳಕೆದಾರರ ಒತ್ತಡ ಹೆಚ್ಚಾಯಿತೆಂದು ಐದನೆಯದರ ಪರವಾಗಿ ಸಹಿ ಮಾಡುವ ಅನುಮತಿಯನ್ನೂ ಅದು ಪಡೆದುಕೊಂಡಿತು. ಡಿಸೆಂಬರಿನಲ್ಲಿ ಆ ಏರ್ಪಾಡು ನಿಂತರೂ ಅನುಮತಿಯನ್ನು ಹಿಂಪಡೆಯುವುದನ್ನು ಮರೆತರು. 2022ರ ಮಾರ್ಚ್ 23ರಂದು ಕಳ್ಳರು ಅದೇ ಸಂದಿಯಿಂದ ನುಗ್ಗಿ 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಮೌಲ್ಯದ ಸ್ಥಿರ ನಾಣ್ಯಗಳನ್ನು ದೋಚಿದರು. ಒಟ್ಟು ಬೆಲೆ 60 ಕೋಟಿ ಡಾಲರಿಗೂ ಹೆಚ್ಚು. ಕಳವು ಬೆಳಕಿಗೆ ಬಂದದ್ದು ಆರು ದಿನಗಳ ನಂತರ, ಒಬ್ಬ ಬಳಕೆದಾರನಿಗೆ ತನ್ನ ಹಣವನ್ನು ಹಿಂಪಡೆಯಲು ಆಗದೇ ಹೋದಾಗ. ದಿನಕ್ಕೆ ಎಷ್ಟು ಲಕ್ಷ ಜನ ಬಂದರೆಂದು ಎಣಿಸಿ ಮೆರೆಯುತ್ತಿದ್ದ ವ್ಯವಸ್ಥೆಗೆ ತಿಜೋರಿ ಖಾಲಿಯಾದದ್ದು ಆರು ದಿನ ಕಾಣಲಿಲ್ಲ. ಆ ಬಾಗಿಲನ್ನು ತೆರೆಸಿದ್ದು ಮೆರೆಸಲಾಗುತ್ತಿದ್ದ ಆ ಬೆಳವಣಿಗೆಯೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. "ಬ್ಯಾಂಕಿನ ಪುಸ್ತಕ ಗುಟ್ಟಾಗಿರುತ್ತದೆ, ನಮ್ಮದು ತೆರೆದ ಪುಸ್ತಕ. ಮುಖವಾಡಗಳನ್ನು ಪತ್ತೆ ಹಚ್ಚಲು ಸಾಧ್ಯವಾದದ್ದೂ ಅದರಿಂದಲೇ" ಎನ್ನುತ್ತಾರೆ ಸಮರ್ಥಕರು. ಈ ಮಾತಿನಲ್ಲಿ ಸತ್ಯವಿದೆ, ಅಲ್ಲಗಳೆಯುವುದು ಅಪ್ರಾಮಾಣಿಕತೆ. ತೆರೆದ ಪುಸ್ತಕವನ್ನು ಇರುಳೆಲ್ಲ ಓದಿದ ಸ್ವತಂತ್ರ ಸಂಶೋಧಕರು ಅನೇಕ ಮೋಸಗಳನ್ನು ಬಯಲಿಗೆ ತಂದಿದ್ದಾರೆ. ಎಣಿಕೆ ಕೆಲವೊಮ್ಮೆ ಜಾಲಗಳಿಗೆ ಅನ್ಯಾಯವನ್ನೂ ಮಾಡಿದೆ: 2022ರ ಅಕ್ಟೋಬರ್‌ನಲ್ಲಿ ನೂರು ಕೋಟಿ ಡಾಲರಿಗೂ ಮೀರಿದ ಬೆಲೆಯ ಡಿಸೆಂಟ್ರಾಲ್ಯಾಂಡ್ ಎಂಬ ಮಾಯಾಲೋಕದಲ್ಲಿ ಒಂದು ದಿನಕ್ಕೆ 38 ಸಕ್ರಿಯ ಬಳಕೆದಾರರೆಂದು ಸುದ್ದಿಯಾಯಿತು. ಅದು ಕಿರ್ದಿಯಲ್ಲಿ ವಹಿವಾಟು ಮಾಡಿದವರ ಲೆಕ್ಕ; ಸುಮ್ಮನೆ ಬಂದು ಸುತ್ತಾಡಿದವರು ಸುಮಾರು 8,000 ಎಂದು ಅದರ ನಡೆಸುವವರು ಉತ್ತರಿಸಿದರು. ಇರಲಿ, ಎಂಟು ಸಾವಿರವೇ ಇರಲಿ. ನಮ್ಮ ಜಾತ್ರೆಗಳಿಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ, ಯಾರೂ ಅದಕ್ಕೆ ನೂರು ಕೋಟಿ ಡಾಲರ್ ಬೆಲೆ ಕಟ್ಟಿಲ್ಲ. ವಿಷಯವೇನೆಂದರೆ, ಪುಸ್ತಕ ತೆರೆದಿದ್ದರೂ ಅದರಲ್ಲಿ ಬರೆದಿರುವುದು ಏನು ಚಲಿಸಿತು ಎಂಬುದಷ್ಟೇ. ಚಲಿಸಿದವನು ಯಾರು, ಯಾಕೆ, ನಾಳೆ ಮತ್ತೆ ಬರುವನೇ ಎಂಬುದು ಅದರಲ್ಲಿಲ್ಲ. ನಿಮ್ಮ ಪರಿಚಿತರ ವಿಳಾಸವನ್ನೇ ಹೋಲುವ ವಿಳಾಸದಿಂದ ಪುಡಿಗಾಸು ಕಳಿಸಿ, ನೀವು ಮುಂದಿನ ಸಲ ತಪ್ಪಿ ಅಲ್ಲಿಗೇ ಹಣ ಕಳಿಸುವಂತೆ ಹೊಂಚುವ ವಂಚಕನೂ ಆ ದಿನದ ಪಟ್ಟಿಯಲ್ಲಿ ಒಬ್ಬ ಸಕ್ರಿಯ ಬಳಕೆದಾರ.

ಪರಿಸರದ ಮಾತಿಗೆ ಬಂದರೆ ನಮ್ಮ ಪಾಳೆಯದ ಒಂದು ಸಡಿಲ ಲೆಕ್ಕವನ್ನೂ ಬಿಡಬಾರದು. ಬಿಟ್‌ಕಾಯಿನ್ ಜಾಲ ವರ್ಷಕ್ಕೆ ಸುಮಾರು 138 ಟೆರಾವಾಟ್ ಗಂಟೆ, ಅಂದರೆ 13,800 ಕೋಟಿ ಯೂನಿಟ್ ವಿದ್ಯುತ್ ಬಳಸುತ್ತದೆಂದು ಕೇಂಬ್ರಿಜ್ ವಿಶ್ವವಿದ್ಯಾಲಯ 2025ರಲ್ಲಿ ಅಂದಾಜಿಸಿದೆ. ಜಗತ್ತಿನ ಒಟ್ಟು ಬಳಕೆಯ ಅರ್ಧ ಪ್ರತಿಶತ. ಇದನ್ನು ವಹಿವಾಟಿನ ಸಂಖ್ಯೆಯಿಂದ ಭಾಗಿಸಿ 'ಒಂದು ವಹಿವಾಟಿಗೆ ಇಷ್ಟು ಯೂನಿಟ್' ಎಂದು ಕೆಲವು ಪರಿಸರವಾದಿಗಳು ಹೇಳುತ್ತಾರೆ. ಅಲ್ಲಿ ವಿದ್ಯುತ್ ಉರಿಯುವುದು ವಹಿವಾಟು ಹೆಚ್ಚಿತೆಂದಲ್ಲ, ನಾಣ್ಯದ ಬೆಲೆ ಹೆಚ್ಚಿತೆಂದು. ಆದುದರಿಂದ ಆ ಭಾಗಾಕಾರಕ್ಕೆ ಅರ್ಥ ಕಡಿಮೆ. ಇಥೀರಿಯಂ 2022ರ ಸೆಪ್ಟೆಂಬರ್ 15ರಂದು ತನ್ನ ವಿಧಾನವನ್ನೇ ಬದಲಿಸಿ ವಿದ್ಯುತ್ ಬಳಕೆಯನ್ನು ಶೇ. 99ಕ್ಕೂ ಹೆಚ್ಚು ಇಳಿಸಿತು ಎಂಬುದನ್ನೂ ಒಪ್ಪಬೇಕು. ವಿರೋಧಿಸುವವರ ಕೊಳಗವೂ ನೇರವಾಗಿರಬೇಕು.

ಭಾರತಕ್ಕೆ ಬರೋಣ. ಚೈನಾಲಿಸಿಸ್ ಎಂಬ ಅಮೆರಿಕದ ಕಂಪನಿಯ ಜಾಗತಿಕ ಕ್ರಿಪ್ಟೊ ಸೂಚ್ಯಂಕದಲ್ಲಿ 2023ರಲ್ಲೂ 2024ರಲ್ಲೂ ಭಾರತವೇ ಪ್ರಥಮ. ಪತ್ರಿಕೆಗಳು ಇದನ್ನು ಹೆಮ್ಮೆಯಿಂದ ಮುದ್ರಿಸಿದವು. ಆ ಸ್ಥಾನ ಬಂದದ್ದು ಹೇಗೆ? ಯಾವ ವಿಳಾಸ ಯಾವ ದೇಶದ್ದೆಂದು ಕಿರ್ದಿ ಹೇಳುವುದಿಲ್ಲವಾದ್ದರಿಂದ, ವಿನಿಮಯ ತಾಣಗಳಿಗೆ ಯಾವ ದೇಶದಿಂದ ಎಷ್ಟು ಭೇಟಿಗಳಾದವು ಎಂಬ ಅಂದಾಜಿನ ಮೇಲೆ ಹಣವನ್ನು ದೇಶಗಳಿಗೆ ಹಂಚಲಾಗುತ್ತದೆ. ನಂತರ ತಲಾ ಆದಾಯದ ತೂಕ ಹಾಕಲಾಗುತ್ತದೆ. ಅದರಿಂದ ಬಡ ದೇಶ ಮೇಲೇರುತ್ತದೆ. ಇದು ತನ್ನಷ್ಟಕ್ಕೆ ತಪ್ಪು ವಿಧಾನವಲ್ಲ, ಆ ಕಂಪನಿ ಅದನ್ನು ಮುಚ್ಚಿಟ್ಟೂ ಇಲ್ಲ. ಆದರೆ ತಲೆಬರಹದಲ್ಲಿ ತೂಕದ ಕಲ್ಲು ಕಾಣುವುದಿಲ್ಲ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆ, ಜುಲೈನಿಂದ ಪ್ರತಿ ಮಾರಾಟಕ್ಕೂ ಶೇ. 1 ಕಡಿತ ಜಾರಿಯಾದ ಮೇಲೆ ಭಾರತದ ವಿನಿಮಯ ಕೇಂದ್ರಗಳ ವ್ಯಾಪಾರ ಕುಸಿದು ಗಿರಾಕಿಗಳು ವಿದೇಶಿ ಕೇಂದ್ರಗಳತ್ತ ಸರಿದರು. ಇಲ್ಲಿನ ಲೆಕ್ಕ ನೋಡಿದರೆ ಇಳಿಕೆ, ಅಲ್ಲಿನ ಸೂಚ್ಯಂಕ ನೋಡಿದರೆ ಪ್ರಥಮ ಸ್ಥಾನ. ತರಗತಿಯಲ್ಲಿ ಪಕ್ಕದವನು "ಇಡೀ ದೇಶವೇ ಇದರಲ್ಲಿದೆ" ಎಂದಾಗ, ಯಾವ ದೇಶ, ಯಾರ ಲೆಕ್ಕ ಎಂದು ಕೇಳುವ ಅಧಿಕಾರ ವಿದ್ಯಾರ್ಥಿಗಿದೆ.

ಬೆಟ್ಟದ ಹಳ್ಳಿಗೆ ಇದರಿಂದ ಏನಾಗಬೇಕು ಎಂಬ ಕೊನೆಯ ಪ್ರಶ್ನೆಗೆ ಉತ್ತರ ಇಂಗಾಲದ ಟೋಕನ್ನುಗಳಲ್ಲಿದೆ. ಕಾಡು ಉಳಿಸಿದ್ದಕ್ಕೆ, ಗಾಳಿ ನೀರಿನಿಂದ ವಿದ್ಯುತ್ ತೆಗೆದದ್ದಕ್ಕೆ ನೀಡುವ ಇಂಗಾಲದ ಕ್ರೆಡಿಟ್ಟುಗಳನ್ನು ಬ್ಲಾಕ್‌ಚೈನಿಗೆ ಏರಿಸುವ ಕೆಲಸವನ್ನು ಟೂಕನ್ ಎಂಬ ಸಂಸ್ಥೆ 2021ರ ಅಕ್ಟೋಬರ್‌ನಲ್ಲಿ ಆರಂಭಿಸಿತು. ಅವುಗಳನ್ನು ಆಧಾರವಾಗಿಟ್ಟುಕೊಂಡು 'ಕ್ಲೀಮಾ ಡಾವ್' ಎಂಬ ಗುಂಪು ತನ್ನದೇ ಟೋಕನ್ ಹೊರಡಿಸಿತು. ಕೆಲವೇ ತಿಂಗಳಲ್ಲಿ ಕೋಟಿಗಟ್ಟಲೆ ಟನ್ ಇಂಗಾಲ ಜಾಲಕ್ಕೇರಿತೆಂಬ ಏರುಗೆರೆ ಸಿದ್ಧವಾಯಿತು. ಹವಾಮಾನ ರಕ್ಷಣೆಯ ಕ್ರಾಂತಿಯೆಂದು ಅದನ್ನು ಬಣ್ಣಿಸಿದರು. ಏರಿದ್ದು ಯಾವ ಕ್ರೆಡಿಟ್? ಕಾರ್ಬನ್‌ಪ್ಲಾನ್ ಎಂಬ ಸಂಶೋಧನಾ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ತೆರೆದು ನೋಡಿದಾಗ, ಬಹಳಷ್ಟು ಹಳೆಯವು, ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದೆ ಬಿಟ್ಟಿದ್ದವು. ವರ್ಷಗಳಿಂದ ಸತ್ತು ಬಿದ್ದಿದ್ದ ಯೋಜನೆಗಳು ಟೋಕನ್ನಿನ ಬೆಲೆಯ ವಾಸನೆ ಹಿಡಿದು ಎದ್ದು ಬಂದಿದ್ದವು. ಟೋಕನ್ನಿನ ಬೆಲೆ 2021ರ ಕೊನೆಯ ತಿಂಗಳುಗಳಲ್ಲಿ 3,000 ಡಾಲರ್ ದಾಟಿ, ಮರುವರ್ಷದ ಮಧ್ಯಭಾಗಕ್ಕೆ ಕೆಲವೇ ಡಾಲರಿಗೆ ಇಳಿಯಿತು. ಕ್ರೆಡಿಟ್ ನೀಡುವ ವೆರಾ ಸಂಸ್ಥೆ 2022ರ ಮೇ 25ರಂದು, ಬಳಕೆಯಾಗಿ ಮುಗಿದ ಕ್ರೆಡಿಟ್ಟುಗಳ ಆಧಾರದ ಮೇಲೆ ಟೋಕನ್ ಹೊರಡಿಸುವುದನ್ನು ನಿಷೇಧಿಸಿತು. ಜಾಲದ ಚಟುವಟಿಕೆ ಏರಿದ ಆ ತಿಂಗಳುಗಳಲ್ಲಿ ಯಾವ ಕಾಡಿನಲ್ಲೂ ಅದರ ಲೆಕ್ಕಕ್ಕೆ ಒಂದು ಮರ ಹೆಚ್ಚಾಗಬೇಕಾಗಿರಲಿಲ್ಲ.

ನಾವು ಇದನ್ನು ಬೇರೆ ರೂಪದಲ್ಲಿ ಕಂಡವರೇ. ನೆಟ್ಟ ಗಿಡಗಳ ಸಂಖ್ಯೆ ಫಲಕದ ಮೇಲೆ ಇರುತ್ತದೆ; ಮೂರು ಮಳೆಗಾಲ ಕಳೆದ ಮೇಲೆ ಬದುಕಿರುವ ಗಿಡಗಳ ಸಂಖ್ಯೆಯನ್ನು ಗುಡ್ಡ ಹತ್ತಿ ಎಣಿಸಬೇಕು. ಜಾಲಗಳಿಗೂ ಅದೇ ಎಣಿಕೆ ಬೇಕು. ಪುಕ್ಕಟೆ ಹಂಚಿಕೆ ನಿಂತು ಆರು ತಿಂಗಳಾದ ಮೇಲೆ ಉಳಿದವರು ಎಷ್ಟು? ಅವರು ತಮ್ಮ ಜೇಬಿನಿಂದ ಕೊಟ್ಟ ಶುಲ್ಕ ಎಷ್ಟು, ಜಾಲ ಅವರಿಗೆ ಬಹುಮಾನವಾಗಿ ಮರಳಿಸಿದ್ದು ಎಷ್ಟು? ಆ ಸಂಖ್ಯೆಯಿಂದ ಒಂದು ಪೈಸೆಯ ಲಾಭವಿಲ್ಲದ ಯಾರಾದರೂ ಮನೆಬಾಗಿಲಿಗೆ ಹೋಗಿ ಕೇಳಿದ್ದಾರೆಯೇ? ನಿಮ್ಮ ಊರಿನ ಬೆಟ್ಟವನ್ನೋ ದೇವರ ಕಾಡನ್ನೋ ಟೋಕನ್ ಮಾಡುವ ಪ್ರಸ್ತಾಪ ಹಿಡಿದು ಯಾರೇ ಬಂದರೂ, ಎಂಥ ಏರುಗೆರೆ ತೋರಿಸಿದರೂ, ಈ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೆ ಸೇರುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.